ಅಗತ್ತಿಯಿಂದ ಮುಂದೆ ದೋಣಿ

ಇಸಳೂರು, ಶಿರಸಿ
೨೫ ಅಕ್ಟೋಬರ್ ೨೦೨೪, ಶುಕ್ರವಾರ

ಪ್ರೀತಿಯ ತಂಗಿ ಅರ್ಷಿಯಾ,

ಸಲಾಂ. ಹೇಗಿದ್ದೀಯ? ಕಳೆದ ಸಲ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಉಪ್ಪುಗಾಳಿ ಎಂದೆ. ಏಳು ವರ್ಷದಿಂದ ಅದೇ ಗಾಳಿಯಲ್ಲಿ ಇರುವವಳಿಗೆ ಈಗ ಯಾಕೆ ಕೆಮ್ಮು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಊಟ ಬಿಡಬೇಡ. ನಿನ್ನ ನಾದಿನಿ ಬೀಫಾತು ಹೊತ್ತು ಹೊತ್ತಿಗೆ ತಟ್ಟೆ ತಂದಿಟ್ಟು, ಖಾಲಿಯಾಗುವವರೆಗೆ ಎದುರಿಗೇ ಕೂರುತ್ತಾಳೆ ಎಂದಿದ್ದೆಯಲ್ಲ, ಅದನ್ನು ಕೇಳಿ ನನಗೆ ಸಮಾಧಾನವಾಗಿತ್ತು. ಅಮ್ಮಿಗೆ ಮಾತ್ರ ಆಗಲಿಲ್ಲ. ಮಗಳಿಗೆ ಬೇರೆಯವರು ಉಣಿಸುತ್ತಿದ್ದಾರೆ ಎಂಬುದು ಅವಳ ಕಿವಿಗೆ ದೂರಿನ ಹಾಗೆ ಕೇಳುತ್ತದೆ. ನಾವೆಲ್ಲ ಇಲ್ಲಿ ಕ್ಷೇಮ. ಅಬ್ಬಾನ ಮೊಣಕಾಲು ಹಾಗೇ ಇದೆ, ಆದರೂ ದಿನಾ ನನ್ನ ಲಾರಿ ಬುಕಿಂಗ್ ಆಫೀಸಿಗೆ ಬಂದು ಕೂತು ಡ್ರೈವರುಗಳಿಗೆ ದಾರಿ ಹೇಳುತ್ತಾರೆ, ಅವರಿಗೆ ಗೊತ್ತಿರುವ ದಾರಿಯನ್ನೇ.

ಫೋನು ಇರುವಾಗ ಕಾಗದ ಯಾಕೆ ಎಂದುಕೊಳ್ಳಬೇಡ. ನಮ್ಮ ಮನೆಯಲ್ಲಿ ನಿನ್ನ ಫೋನು ಬಂದರೆ ಅಮ್ಮಿ ಸ್ಪೀಕರ್ ಹಾಕುತ್ತಾಳೆ. ನಾನು ಹೊರಗೆ ಹೋಗಿ ಮಾಡಿದರೆ ನಿನ್ನ ಬದಿಯಲ್ಲಿ ಯಾರೋ ಕೂತಿರುತ್ತಾರೆ. ಮಂಗಳೂರಿನಲ್ಲಿ ಓದುತ್ತಿರುವ ಬೀಫಾತುವಿನ ಮಗಳು ಮುಂದಿನ ವಾರ ಊರಿಗೆ ಹೊರಟಿದ್ದಾಳಂತೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾನು ಬರುವ ಮೊದಲೇ ನೀನು ಇದನ್ನು ಓದಿರಬೇಕು. ಹೌದು, ಬರುವವನು ನಾನೇ. ಗಂಡ ಹೋದ ಮೇಲೆ ಮನೆಯೊಳಗೇ ಕೂರುವ ನಾಲ್ಕು ತಿಂಗಳು ಹತ್ತು ದಿನದ ನಿನ್ನ ಇದ್ದತ್ ಮುಗಿಯುವ ದಿನ ತವರಿನಿಂದ ಹೊಸ ಬಟ್ಟೆ ತಂದು ಉಡಿಸಿ, ಕರೆದುಕೊಂಡು ಹೋಗಬೇಕು, ಅದಕ್ಕೆ ಅಣ್ಣ ಹೋಗಬೇಕು ಎಂಬುದು ನಮ್ಮಲ್ಲಿ ಮೊದಲಿಂದ ಬಂದದ್ದು. ಬಟ್ಟೆ ಆಗಲೇ ಬಂದಿದೆ. ಬಿಳಿಯೂ ಅಲ್ಲದ, ಬಣ್ಣವೂ ಅಲ್ಲದ ಒಂದು ಚೂಡಿದಾರ್ ಪೀಸಿಗಾಗಿ ಅಮ್ಮಿ ಶಿರಸಿ ಪೇಟೆಯಲ್ಲಿ ಒಂದು ದಿನ ಪೂರ್ತಿ ತಿರುಗಿದಳು. ನಿಮ್ಮ ದ್ವೀಪಕ್ಕೆ ಕಾಲಿಡಲು ಬೇಕಾದ ಪರ್ಮಿಟ್ಟೂ ಬಂದಿದೆ, ಬೀಫಾತುವೇ ಓಡಾಡಿ ಮಾಡಿಸಿಕೊಟ್ಟಳು. ನೀನು ಇನ್ನು ಇಲ್ಲೇ ಇರುತ್ತೀ ಎಂದು ಎಲ್ಲರೂ ತಿಳಿದುಕೊಂಡಾಗಿದೆ. ಉಳಿದಿರುವ ಚರ್ಚೆ ಒಂದೇ. ಕೊಚ್ಚಿಯಿಂದ ಆಚೆಗೆ ಹಡಗೋ, ವಿಮಾನವೋ?

ಈ ಒಂದು ವಿಷಯದಲ್ಲಿ ಶಿರಸಿಗೆ ಎಷ್ಟು ಅಭಿಪ್ರಾಯಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಜುಮ್ಮಾ ನಮಾಜು ಮುಗಿಸಿ ಚಪ್ಪಲಿ ಹುಡುಕುವಾಗಲೂ ಒಬ್ಬರು ಹತ್ತಿರ ಬಂದು, ವಿಮಾನ ಚಿಕ್ಕದಂತೆ, ಕಿಟಕಿ ಪಕ್ಕ ಕೂರಬೇಡ ಎಂದರು. ಪಕ್ಕದ ಮನೆಯ ಮನೋಹರ ಹೆಗಡೆಯವರು ಒಮ್ಮೆ ಅಂಡಮಾನಿಗೆ ಹಡಗಿನಲ್ಲಿ ಹೋಗಿಬಂದವರು. ಬೇಲಿಯಾಚೆಯಿಂದಲೇ ಅವರ ತೀರ್ಪು ಬಂತು: "ಎಂತಕ್ಕೆ ಮಾರಾಯ ಹಡಗು? ಆನು ಎರಡು ದಿನ ಬರೀ ಲಿಂಬೆಹಣ್ಣು ಮೂಸ್ತಾ ಕೂತಿದ್ದಿ. ಹೆಂಡ್ತಿ ಮಾತ್ರ ಮೂರು ಹೊತ್ತೂ ಉಂಡ್ಕಂಡು ಆರಾಮಿದ್ದಳು." ಆ ಹಡಗಿಗಿಂತ ಹೆಂಡತಿ ಉಂಡದ್ದೇ ಅವರಿಗೆ ಇಂದಿಗೂ ಬೇಜಾರು. ನಕ್ಕೆ. ಎಷ್ಟೋ ದಿನಕ್ಕೆ ನಕ್ಕದ್ದು.

ಅಮ್ಮಿಯ ಎದುರು ಹಡಗು ಎಂಬ ಶಬ್ದವನ್ನೇ ಆಡುವ ಹಾಗಿಲ್ಲ. ಕಾರಣ ನಿನಗಿಂತ ಯಾರಿಗೆ ಗೊತ್ತು! ಹವಳದ ದಿಬ್ಬದ ಆಚೆ ಹಡಗು ನಿಲ್ಲುವುದು, ಜನ ಅದರ ಬಾಗಿಲಿನಿಂದ ಏಳುತ್ತಾ ಬೀಳುತ್ತಾ ಇರುವ ದೋಣಿಗೆ ಕಾಲಿಡುವುದು, ಕೆಳಗೆ ದೋಣಿಯಲ್ಲಿ ನಿಂತ ನಿನ್ನ ಹಂಝ ಒಬ್ಬೊಬ್ಬರನ್ನೂ ಕೈ ಹಿಡಿದು ಇಳಿಸಿಕೊಳ್ಳುವುದು, ಇದನ್ನೆಲ್ಲ ನೀನು ಮದುವೆಯಾದ ಹೊಸದರಲ್ಲಿ ಹೆಮ್ಮೆಯಿಂದ ವರ್ಣಿಸುತ್ತಿದ್ದೆ. ಅಮ್ಮಿಗೆ ಹಡಗೆಂದರೆ ಆಗ ಅಳಿಯನ ಕೈ. ಜುಲೈನ ಆ ಬೆಳಿಗ್ಗೆ ಯಾರನ್ನೋ ಇಳಿಸಿಕೊಳ್ಳುವಾಗ ಅಲೆ ದೋಣಿಯನ್ನು ಎತ್ತಿ ಹಡಗಿನ ಮೈಗೆ ಒತ್ತಿ, ನಡುವೆ ಸಿಕ್ಕ ಹಂಝ ಹೋದ ಮೇಲೆ ಅವಳಿಗೆ ಹಡಗೆಂದರೆ ಬೇರೆ. ವಿಮಾನವಾದರೆ ನಿನ್ನ ಮನೆಯ ಅಂಗಳದಲ್ಲೇ ಇಳಿಯುತ್ತದೆ ಎಂದು ಅವಳ ಕಲ್ಪನೆ. ಅದು ಇಳಿಯುವುದು ಅಗತ್ತಿ ಎಂಬ ಬೇರೆ ದ್ವೀಪದಲ್ಲಿ, ಅಲ್ಲಿಂದ ಮುಂದೆ ನಿಮ್ಮ ದ್ವೀಪಕ್ಕೆ ಮತ್ತೆ ದೋಣಿಯೇ ಎಂದು ನಾನು ಹೇಳಿಲ್ಲ. ಯಾವ ದಾರಿ ಹಿಡಿದರೂ ಕೊನೆಯ ತುಂಡು ನೀರಿನ ಮೇಲೆಯೇ. ನಕ್ಷೆಯಲ್ಲಿ ಅದು ಒಂದು ಬೆರಳಿನ ಅಗಲವೂ ಇಲ್ಲ. ಅಷ್ಟನ್ನು ಅಮ್ಮಿಯಿಂದ ಮುಚ್ಚಿಡುವುದು ಕಷ್ಟವಾಗಲಿಲ್ಲ. ಕಷ್ಟವಾಗದ್ದೇ ಸ್ವಲ್ಪ ವಿಚಿತ್ರ ಅನಿಸಿತು.

ಹಂಝ ಮೊದಲ ಸಲ ಇಲ್ಲಿಗೆ ಬಂದಾಗ ದೇವಿಮನೆ ಘಟ್ಟದ ತಿರುವುಗಳಲ್ಲಿ ಅಬ್ಬಾ ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು, ನೆನಪಿದೆಯಾ? ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಬಾಯಿ ತೊಳೆದುಕೊಂಡು, ಮಂಗಳೂರು ಬಂದರಿನಲ್ಲಿ ಕಲಿತ ತನ್ನ ಕನ್ನಡದಲ್ಲಿ, "ಮಾವ, ನಿಮ್ಮ ರಸ್ತೆ ಉಂಟಲ್ಲ, ನಮ್ಮ ಸಮುದ್ರಕ್ಕಿಂತ ಜೋರು" ಎಂದ. ಜನ್ಮವೆಲ್ಲ ಆ ಘಟ್ಟದಲ್ಲಿ ಲಾರಿ ಇಳಿಸಿದ ಅಬ್ಬಾಗೆ ಅಂಥ ಹೊಗಳಿಕೆ ಯಾರೂ ಕೊಟ್ಟಿರಲಿಲ್ಲ. ದೂರದ ಸಂಬಂಧ, ಭಾಷೆ ಬೇರೆ ಎಂದು ಗೊಣಗುತ್ತಿದ್ದ ಮನುಷ್ಯ ಆ ದಿನದಿಂದ ಸುಮ್ಮನಾದರು. ಈಗ ಅವರು ಆ ಹೆಸರನ್ನು ಎತ್ತುವುದಿಲ್ಲ. "ಅವ" ಎನ್ನುತ್ತಾರೆ, ಅಷ್ಟೆ.

ಅಬ್ಬಾನದೂ ವಿಮಾನವೇ. ಆದರೆ ಅವರದು ಹೆದರಿಕೆಯಲ್ಲ, ಲೆಕ್ಕಾಚಾರ. ಹಡಗಿನಲ್ಲಿ ಹೋದರೆ ಅದು ನನ್ನನ್ನು ಇಳಿಸಿ ಬೇರೆ ದ್ವೀಪಗಳಿಗೆ ಹೋಗುತ್ತದೆ. ಅದು ತಿರುಗಿ ಬರುವವರೆಗೆ ನಾನು ನಿಮ್ಮಲ್ಲಿ ಕಾಯಬೇಕು. ವಿಮಾನವಾದರೆ ಇವತ್ತು ಹೋಗಿ, ನಾಳೆ ದೋಣಿ ಸಿಕ್ಕರೆ ಹೊರಟೇ ಬಿಡಬಹುದು. ಅಷ್ಟು ಅವಸರ ಯಾಕೆ ಎಂದು ಕೇಳಿದೆ. ಹೆಚ್ಚು ದಿನ ಇದ್ದರೆ ಅಲ್ಲಿಯವರು ಮಾತಾಡಿ ಮಾತಾಡಿ ಅವಳ ಮನಸ್ಸು ಕದಡುತ್ತಾರೆ ಎಂದರು. ಆಮೇಲೆ ಆಫೀಸಿನ ಬೆಂಚಿನ ಮೇಲೆ ಕಾಲು ನೀಡಿಕೊಂಡು, ಕ್ಲೀನರಿಗೆ ಹೇಳುವ ಧ್ವನಿಯಲ್ಲಿ ಹೇಳಿದರು: "ಜಹೀರ್, ನಾನು ಯಾವತ್ತೂ ಖಾಲಿ ಗಾಡಿ ವಾಪಸ್ ತಂದವನಲ್ಲ. ನೀನೂ ತರಬೇಡ." ಬರುವ ದಾರಿಗೆ ಎರಡು ಟಿಕೆಟ್ ಇವತ್ತೇ ಮಾಡಿಸು ಎಂದು ಅದರ ಅರ್ಥ.

ಈಗ ಯಲ್ಲಾಪುರದ ವಿಷಯ ಬರೆಯಲೇಬೇಕು. ಇದನ್ನು ನಿನಗೆ ಇಲ್ಲಿಗೆ ಬಂದ ಮೇಲೆ ನಿಧಾನವಾಗಿ ತಿಳಿಸುವುದೆಂದು ಅಮ್ಮಿಯ ಯೋಚನೆ. ಅಲ್ಲಿಯ ಒಂದು ಟೈರ್ ಅಂಗಡಿಯವರ ಮನೆಯಿಂದ ನಿನಗೆ ಮದುವೆಯ ಮಾತು ಬಂದಿದೆ. ಹೆಂಡತಿ ತೀರಿಕೊಂಡು ಎರಡು ವರ್ಷ, ಇಬ್ಬರು ಮಕ್ಕಳು. ಅಮ್ಮಿ ಇನ್ನೂ ಹೂಂ ಅಂದಿಲ್ಲ, ಆದರೆ ಹೋಗಿ ಚಹಾ ಕುಡಿದು ಬಂದಿದ್ದಾಳೆ. ನಮ್ಮ ಕಡೆ ಅದು ಅರ್ಧ ಹೂಂ ಎಂದು ನಿನಗೆ ಗೊತ್ತು. ಆ ಮನುಷ್ಯ ನನಗೆ ಪರಿಚಯ. ಒಳ್ಳೆಯವನು, ಮೆದು ಮಾತು. ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಅಮ್ಮಿಯನ್ನು ತಪ್ಪು ಎನ್ನಲಾರೆ. ಮೂವತ್ತನಾಲ್ಕಕ್ಕೆ ಮಗಳು ದೂರದ ನೀರಿನ ನಡುವೆ, ತನ್ನವರು ಎನ್ನುವ ಒಬ್ಬರೂ ಇಲ್ಲದೆ ಕೂತಿದ್ದಾಳೆ ಎಂದು ಅವಳಿಗೆ ಅನಿಸಿದರೆ, ಅದು ಸುಳ್ಳು ಎಂದು ತೋರಿಸಲು ನನ್ನ ಹತ್ತಿರ ಏನೂ ಇಲ್ಲ.

ಆದರೆ ನೀನು ಹೇಳಿದ ಎರಡು ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಒಂದು, ಬೀಫಾತು ತನ್ನ ಮನೆಯ ಮೂಡಣ ಕೋಣೆಯನ್ನು ನಿನಗೆ ಬಿಟ್ಟುಕೊಟ್ಟದ್ದು. ನಿಮ್ಮಲ್ಲಿ ಮನೆ ಹೆಣ್ಣುಮಕ್ಕಳ ಹೆಸರಿನಲ್ಲಿರುತ್ತದೆ, ಹೊರಗಿನಿಂದ ಬಂದ ಸೊಸೆಗೆ ಅದರಲ್ಲಿ ಪಾಲು ಇರುವುದಿಲ್ಲ ಎಂದು ನೀನೇ ವಿವರಿಸಿದ್ದೆ. ಹಾಗಾದರೆ ಈ ಕೋಣೆಗೆ ಏನೆನ್ನಬೇಕು? ಇನ್ನೊಂದು, ಯಾವಾಗ ಬರ್ತೀ ಎಂದು ಅಮ್ಮಿ ಕೇಳಿದಾಗ ನೀನು, "ರಜೆ ಮುಗಿದ ಮೇಲೆ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಹೋಗಬೇಕು ಅಮ್ಮಿ, ಅಲ್ಲಿ ನನ್ನ ಬಿಟ್ಟರೆ ಯಾರೂ ಇಲ್ಲ" ಎಂದದ್ದು. ಶಿರಸಿಯಲ್ಲೂ ಬೇಕಾದಷ್ಟು ಲ್ಯಾಬ್ ಇವೆ ಎಂದು ಅಮ್ಮಿ ತಕ್ಷಣ ಉತ್ತರಿಸಿದಳು. ಸ್ಪೀಕರಿನಲ್ಲಿ ನಿಮ್ಮ ಕಡೆಯ ಗಾಳಿಯ ಸದ್ದು ಮಾತ್ರ ಬಂತು. ಲೈನ್ ಹೋಯಿತು ಎಂದು ಅಬ್ಬಾ ಅಂದರು. ಲೈನ್ ಹೋಗಿರಲಿಲ್ಲ.

ಸಾಗಾಣಿಕೆಯ ಕೆಲಸದವರು ನಾವು. ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತೇವೆ, ಒಡೆಯುವಂಥದ್ದೇ ಎಂದು ಕೇಳುತ್ತೇವೆ, ದಾರಿ ಯಾವುದೆಂದು ಜಗಳವಾಡುತ್ತೇವೆ. ಮೂರು ತಿಂಗಳಿಂದ ಈ ಮನೆಯಲ್ಲಿ ಅದೇ ನಡೆದಿದೆ. ಹಡಗೋ ವಿಮಾನವೋ ಎಂದು ಕೇಳದವರು ಊರಲ್ಲಿ ಉಳಿದಿಲ್ಲ. ನಿನಗೆ ಬರುವ ಮನಸ್ಸಿದೆಯೇ ಎಂದು ಮಾತ್ರ ನಿನ್ನನ್ನು ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ. ಈ ಕಾಗದದಲ್ಲೂ ಕೇಳುತ್ತಿಲ್ಲ, ಏಕೆಂದರೆ ಬರೆದು ಕೇಳಿದರೆ ನೀನು ನಮಗೆಲ್ಲ ಒಪ್ಪುವ ಉತ್ತರವನ್ನೇ ಬರೆಯುತ್ತೀ.

ಬೀಫಾತುವಿಗೆ ನನ್ನ ಸಲಾಂ ಹೇಳು. ಅಬ್ಬಾ, ಅಮ್ಮಿ ನಿನಗಾಗಿ ದುವಾ ಮಾಡುತ್ತಿದ್ದಾರೆ. ನಿನ್ನ ಭಾಭಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಕಟ್ಟಿಟ್ಟಿದ್ದಾಳೆ. ಅಲ್ಲಾಹ್ ನಿನಗೆ ಸಬರ್ ಕೊಡಲಿ, ತಾಳುವ ಶಕ್ತಿ ಕೊಡಲಿ.

ನಿನ್ನ ಭಾಯಿ,
ಜಹೀರ್

ತಾ.ಕ.: ಕಾಗದ ಕೊಡಲು ಮಂಗಳೂರಿಗೆ ಬಂದಿದ್ದೇನೆ, ಬೀಫಾತುವಿನ ಮಗಳ ಬಸ್ಸು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಹಡಗಿನ ಟಿಕೆಟ್ ಮಾಡಿಸಿದ್ದೇನೆ. ಹೋಗುವುದಕ್ಕೆ ಮಾತ್ರ, ನನ್ನ ಹೆಸರಿಗೆ ಮಾತ್ರ. ಮನೆಯಲ್ಲಿ ಎಲ್ಲರೂ ವಿಮಾನ ಎಂದೇ ತಿಳಿದಿದ್ದಾರೆ, ಫೋನಿನಲ್ಲಿ ಬಾಯಿ ಬಿಡಬೇಡ. ಹಡಗು ತಿರುಗಿ ಬರುವವರೆಗೆ ನಾನು ಅಲ್ಲೇ ಇರುತ್ತೇನೆ. ಅಷ್ಟು ದಿನ ನಾನು ಏನೂ ಕೇಳುವುದಿಲ್ಲ, ಅಬ್ಬಾನ ಪರವಾಗಿಯೂ ಮಾತಾಡುವುದಿಲ್ಲ. ನಿನಗೆ ಹೇಳಬೇಕೆನಿಸಿದ ದಿನ ಹೇಳು. ಬರುತ್ತೇನೆ ಎಂದರೆ ಇಬ್ಬರೂ ಹೊರಡೋಣ. ಬರುವುದಿಲ್ಲ ಎಂದರೆ ಯಲ್ಲಾಪುರಕ್ಕೆ ನಾನೇ ಹೋಗಿ ತಿಳಿಸುತ್ತೇನೆ. ಅಮ್ಮಿಗೆ ಏನು ಹೇಳುವುದೆಂದು ಮಾತ್ರ ಇನ್ನೂ ತೋಚಿಲ್ಲ, ಅದನ್ನು ನಾವಿಬ್ಬರೂ ಕೂತು ಯೋಚಿಸಬೇಕು.