ಮೂರು ಸಲ ಹಾರಿದ ಗಿಳಿ

ಅಕ್ಕಾ,

ಅಪ್ಪನ ಮೇಜಿನ ಮೇಲಿರುವ ಐದು ಚೀಟಿ ಗುಡಿಸಬೇಡ. ನಿನ್ನ ಪೊರಕೆಗೆ ಇವತ್ತೊಂದು ದಿನ ರಜೆ ಕೊಡು. ಮಾತ್ರೆ ಹನ್ನೊಂದಕ್ಕೆ.

ಮಾತು ಕಲಿಸುವ ಮೇಡಂ ಕೊಟ್ಟ ಪದದ ಚೀಟಿಗಳನ್ನು ಕಲಸಿಟ್ಟು, "ಜೋಡಿಸಪ್ಪಾ" ಎಂದೆ. ಆಗಬೇಕಿದ್ದದ್ದು 'ಗಿಳಿ ಅಪ್ಪನ ಹಾಗೆ ಮಾತಾಡಲಿ'. ಅಪ್ಪ ಗಿಳಿಯನ್ನು ಪಕ್ಕಕ್ಕೆ ತಳ್ಳಿ, ಉಳಿದ ಚೀಟಿಗಳ ಡಬ್ಬಿಯಿಂದ 'ಮಗ' ಹುಡುಕಿ ಅಲ್ಲಿಟ್ಟರು. ತಪ್ಪೆಂದು ನಾನು ಗಿಳಿಯನ್ನು ವಾಪಸ್ ಇಟ್ಟೆ. ಮತ್ತೆ ತಳ್ಳಿದರು. ಮೂರು ಸಲ ಗಿಳಿ ಹಾರಿತು!

ಲಕ್ವ ಹೊಡೆದು ಅವರ ಮಾತು ನಿಂತ ದಿನದಿಂದ ನಾನೂ ಅವರ ಮಿಮಿಕ್ರಿ ನಿಲ್ಲಿಸಿದ್ದೇನೆ, ನಿನಗೆ ಗೊತ್ತು. ಈಗ ಇದು ತಪ್ಪೋ ಅಪ್ಪಣೆಯೋ, ತಲೆಬುಡ ತಿಳಿಯುತ್ತಿಲ್ಲ. ಬಚ್ಚಲಲ್ಲಿ ತಡಮಾಡಿದರೆ ಅವರು ನನ್ನನ್ನು ಬೈಯುತ್ತಿದ್ದ ಹಾಗೇ, ಅಲ್ಲೇ ನಿಂತು ಮೆಲ್ಲಗೆ, "ಲೇ ಕಪೀಶ, ಅಲ್ಲೇ ಸಂಸಾರ ಹೂಡಿದ್ಯೇನೋ?" ಅಂದು ನೋಡಿದೆ. ಅದೇ ಹಳೇ ದನಿ! ಹೊರಬಂದರೆ ಅಪ್ಪ ಬಚ್ಚಲ ಬಾಗಿಲನ್ನೇ ನೋಡುತ್ತಿದ್ದರು. ನಕ್ಕರೋ ಅತ್ತರೋ, ಆ ಓರೆ ಬಾಯಲ್ಲಿ ಗೊತ್ತಾಗಲಿಲ್ಲ.

ಮತ್ತೆ ಮಿಮಿಕ್ರಿ ಮಾಡಲೇ ಎಂದು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ನೀನೇ ಕೇಳು. ಹೌದೆಂದು ತಲೆಯಾಡಿಸಿದರೆ ಗಿಳಿಯ ಚೀಟಿಯನ್ನು ಕಿಟಕಿಗೆ ಅಂಟಿಸು.

ಆಮೇಲೆ ಸಂಜೆ ಬಾಗಿಲಾಚೆ ಅಪ್ಪ ಕೂಗಿದ ಹಾಗಾದರೆ ಹೆದರಬೇಡ. ನಾನೇ.