ಶ್ರಾಪ್‌ಶೈರ್‌ನ ಶನಿವಾರಗಳು

ಸ್ಕ್ರಿಪ್ಸ್ ರ್ಯಾಂಚ್, ಸ್ಯಾನ್ ಡಿಯಾಗೋ
ಮೇ ೨೦೨೪

ಮಧುರಾ ಅವರಿಗೆ ಕುಮುದಾಳ ನಮಸ್ಕಾರ.

ನಿಮಗೆ ನೇರವಾಗಿ ಬರೆಯುತ್ತಿರುವುದು ಇದೇ ಮೊದಲು. ವಿಕ್ರಮ್‌ಗೆ ಬರೆದರೆ ಅದು ನಾನೂ ಅವನೂ ಗಂಡ ಹೆಂಡತಿಯಾಗಿದ್ದ ಕಾಲದ ವಾದಗಳಿಗೇ ಹೋಗಿ ಮುಟ್ಟುತ್ತದೆ. ಅದು ನನಗೆ ಬೇಡ.

ಮಗಳು ಶ್ರೇಯಾಳನ್ನು ಒಂದು ವರ್ಷ ಅಲ್ಲಿ ಶ್ರಾಪ್‌ಶೈರ್‌ನಲ್ಲಿ ಬಿಟ್ಟು, ನಿಮ್ಮ ಆ ಇಂಗ್ಲಿಷ್ ಹಳ್ಳಿಯ ಶಾಲೆಗೆ ಹಾಕಬಹುದೇ ಎಂದು ನೀವು ಗಂಡ ಹೆಂಡತಿ ಇಬ್ಬರೂ ಕೇಳಿದ್ದಿರಿ. ಕೋರ್ಟಿನ ತೀರ್ಪಿನಂತೆ ನಿರ್ಧಾರ ನನ್ನದು. ಏಪ್ರಿಲ್ ರಜೆಯಲ್ಲಿ ಅವಳ ಜೊತೆ ನಾನೂ ಬಂದದ್ದು ಜಾಗ ನೋಡಲು ಎಂದು ಹೇಳಿದ್ದೆ. ನಿಜಕ್ಕೂ ಬಂದದ್ದು ಬೇಡ ಎನ್ನಲು ಕಾರಣ ಹುಡುಕಿಕೊಂಡು.

ಕಾರಣಗಳು ಮೊದಲ ದಿನವೇ ಸಿಕ್ಕವು. ಇಲ್ಲಿ ಅವಳಿಗೆ ಮೃಗಾಲಯದ ವರ್ಷದ ಪಾಸ್ ಇದೆ. ಅನಹೈಮ್‌ನ ಮನರಂಜನಾ ಪಾರ್ಕು, ಬರ್ಬ್ಯಾಂಕ್‌ನ ಸಿನಿಮಾ ಸ್ಟುಡಿಯೋ ಟೂರ್ ಎಲ್ಲ ಆಗಿದೆ. ನಿಮ್ಮಲ್ಲಿ ನೋಡುವ ಜಾಗವೆಂದರೆ ಛಾವಣಿಯಿಲ್ಲದ ಒಂದು ಹಳೆಯ ಚರ್ಚು, ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ ಒಂದು ಉಗಿಬಂಡಿ, ಕುರಿ ಆಡುಗಳ ಒಂದು ಫಾರ್ಮ್. ಮೂರನ್ನೂ ಒಂದೇ ದಿನದಲ್ಲಿ ಮುಗಿಸೋಣ ಎಂದೆ. "ಏನ್ ಕುಮುದಾ, ಇಲ್ಲಿಗೂ ಟೈಮ್ ಟೇಬಲ್ ಹಾಕ್ಕೊಂಡು ಬಂದಿದ್ಯಾ?" ಎಂದು ನಕ್ಕ ವಿಕ್ರಮ್ ಮನೆಯಲ್ಲೇ ಉಳಿದ. ನೀವು ಮಾತ್ರ, "ಏ ಅಕ್ಕಾ, ಗಡಿಬಿಡಿ ಮಾಡಬ್ಯಾಡ್ರಿ. ಇಲ್ಲಿ ನೋಡೂದು ಅಂದ್ರ ಸುಮ್ನ ಕೂಡೂದರಿ" ಎಂದು ಫಾರ್ಮ್‌ಗೆ ಕಾರು ತಿರುಗಿಸಿದಿರಿ.

ಟಿಕೆಟ್ ಕೊಡುವ ಹೆಂಗಸು ನಿಮ್ಮನ್ನು ಗುರುತು ಹಿಡಿದು, ನಿಮ್ಮ ಮಗಳು ಆಗಲೇ ಒಳಗೆ ಓಡಿದಳಲ್ಲ ಎಂದಳು. ನೀವು ತಕ್ಷಣ ನನ್ನ ಕಡೆ ಕೈ ತೋರಿಸಿ, ತಾಯಿ ಇವರು, ನಾನು ಬರೀ ಡ್ರೈವರ್ ಎಂದಿರಿ. ಆಕೆ ನಕ್ಕಳು. ನಾನು ನಗಲಿಲ್ಲ.

ಆಡುಗಳ ಬೇಲಿಯ ಪಕ್ಕದ ಬೆಂಚಿನಲ್ಲಿ ನೀವು, ನಾನು, ಶ್ರೇಯಾ ಮೂವರೂ ಕೂತೆವು. ಗಡ್ಡದ ಒಂದು ಆಡು ದೂರದಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ಬೋರ್ಡಿನಲ್ಲಿ ಅದರ ಹೆಸರು ನೈಜೆಲ್. ತುಂಬ ಹೊತ್ತು ಬೇರೇನೂ ಆಗಲಿಲ್ಲ. ಆಯ್ತಲ್ಲ, ನಡಿ ಎಂದು ನಾನು ಎದ್ದೆ. ಶ್ರೇಯಾ ನನ್ನ ಕಡೆ ತಿರುಗದೆ, ಆ ಗಡ್ಡದ ಆಡನ್ನೇ ನೋಡುತ್ತ ಹೇಳಿದಳು: "ಮಮ್ಮಿ, ಸುಮ್ನ ಕೂಡು. ಮಾಸ್ತರಿಗೆ ಸಿಟ್ಟು ಬಂದದ. ಸಿಟ್ಟಿಳದ ಮ್ಯಾಲೆ ತಾವ ಬರ್ತಾರ."

ನಾನು ಕೂತೆ.

ಹುಟ್ಟಿದಾಗಿನಿಂದ ಅವಳ ಜೊತೆ ಕನ್ನಡದಲ್ಲೇ ಮಾತಾಡಿದ್ದೇನೆ. ಪ್ರತಿ ಶನಿವಾರ ಕನ್ನಡ ಕ್ಲಾಸಿಗೆ ಕರೆದುಕೊಂಡು ಹೋಗಿದ್ದೇನೆ. ಅವಳಿಗೆ ಎಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇಲ್ಲಿಯ ಮಕ್ಕಳೆಲ್ಲ ಹೀಗೇ ಎಂದು ಒಪ್ಪಿಕೊಂಡಿದ್ದೆ. ಹಿಂದಿನ ಬೇಸಿಗೆ ರಜೆಯನ್ನು ಅಪ್ಪನ ಮನೆಯಲ್ಲಿ ಕಳೆದಾಗ, ಶನಿವಾರಗಳಲ್ಲಿ ನಿಮ್ಮ ಜೊತೆ ಅದೇ ಬೆಂಚಿನಲ್ಲಿ ಕೂತು, ಅವಳು ಕನ್ನಡದಲ್ಲಿ ಚಾಡಿ ಹೇಳುವುದನ್ನು ಕಲಿತಿದ್ದಳು. ಅದೂ ನಿಮ್ಮ ಧಾರವಾಡದ ಕನ್ನಡದಲ್ಲಿ. ನನಗೆ ಆಗ ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮ ಮುಖ ನೋಡಿದೆ. ನೀವು ನೆಲ ನೋಡುತ್ತಿದ್ದಿರಿ.

ಆಮೇಲೆ ಚಹಾ ಕುಡಿಯುವಾಗ ನೀವಾಗಿಯೇ ಹೇಳಿದಿರಿ: "ನಾ ಏನೂ ಕಲಿಸಿಲ್ಲರಿ ಅಕ್ಕಾ. ಈ ಊರಾಗ ನಂಗ ಮಾತಾಡ್ಲಿಕ್ಕೆ ಯಾರೂ ಇಲ್ಲ. ಇವರು ಮನೀಗೆ ಬಂದ್ರ ಫೋನ್ ಹಿಡ್ಕೊಂಡು ಕೂಡ್ತಾರ. ಅದಕ್ಕ ಆಕಿ ಜೋಡಿ ಮಂದೀದೂ ಆಡಿನ್ದೂ ಮಾತಾಡಿದೆ, ಅಷ್ಟ." ಅದನ್ನು ನಾನು ವಿಮಾನದಲ್ಲಿ ಯೋಚಿಸಿದೆ. ನಾನು ಅವಳಿಗೆ ಕನ್ನಡ ಕೊಡಲು ನೋಡಿದೆ. ನಿಮಗೆ ಅವಳಿಂದ ಕನ್ನಡ ಬೇಕಾಗಿತ್ತು.

ಆದರೂ ಬೇಡ ಎಂದೇ ಬರೆಯುವವಳಿದ್ದೆ. ಅವಳು ನನ್ನ ಒಬ್ಬಳೇ ಮಗಳು. ಈ ಮನೆಯಲ್ಲಿ ಇರುವುದು ನಾವಿಬ್ಬರೇ.

ಹೋದ ಶನಿವಾರ ಕನ್ನಡ ಕ್ಲಾಸಿನಿಂದ ಬರುವಾಗ ಮಿರಾ ಮೆಸಾದ ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಹಿಂದಿನ ಸೀಟಿನಿಂದ ಕೇಳಿದಳು: "ಮಮ್ಮಿ, ಒಂದು ವರ್ಷ ಹೋಗಿ ಬರ್ಲೇನು? ನೀ ಅಳಂಗಿಲ್ಲಲ್ಲ?"

ಇಂಗ್ಲಿಷಿನಲ್ಲಿ ಕೇಳಿದ್ದರೆ ಉತ್ತರ ಸಿದ್ಧವಾಗಿತ್ತು. ಆ ದೇಶದ ವಾತಾವರಣ, ಇಲ್ಲಿ ತಪ್ಪುವ ಪಾಠ, ಅವಳ ಗೆಳತಿಯರು, ಎಲ್ಲ ಹೇಳಿ ಮುಗಿಸುತ್ತಿದ್ದೆ. ಅವಳು ಕೇಳಿದ್ದು ಕನ್ನಡದಲ್ಲಿ. ಸಿಗ್ನಲ್ ಹಸಿರಾಗಿ ಹಿಂದಿನ ಕಾರಿನವನು ಹಾರ್ನ್ ಹೊಡೆದ. "ಅಳಲ್ಲ, ಹೋಗಿ ಬಾ" ಎಂದೆ. ಮನೆ ತಲುಪುವವರೆಗೆ ಕೊಟ್ಟ ಮಾತು ಉಳಿಸಿಕೊಂಡೆ.

ಹಾಗಾಗಿ ಒಪ್ಪಿಗೆ ಇದೆ. ಒಂದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಕ್ರಿಸ್‌ಮಸ್ ರಜೆಗೆ ಅವಳು ಇಲ್ಲಿರಬೇಕು. ನಿಮಗಿಬ್ಬರಿಗೂ ತಿಳಿಯದ ಜ್ವರ ಬಂದರೆ ಹೊತ್ತು ಗೊತ್ತು ನೋಡದೆ ನನಗೆ ಫೋನ್ ಮಾಡಬೇಕು. ಆಗಸ್ಟ್ ಕೊನೆಯಲ್ಲಿ ನಾನೇ ಕರೆತರುತ್ತೇನೆ. ಈ ಸಲ ನನ್ನನ್ನು ಎಲ್ಲಿಗೂ ಸುತ್ತಿಸಬೇಡಿ. ಅವಳ ಕೋಣೆ ಮತ್ತು ಶಾಲೆಗೆ ನಡೆದು ಹೋಗುವ ದಾರಿ ತೋರಿಸಿದರೆ ಸಾಕು, ಮರುದಿನ ಹೊರಡುತ್ತೇನೆ.

ನಿಮ್ಮ ಮನೆಯಲ್ಲಿ ಮಾತಿಗೆ ಕೊರತೆಯಾಗದಿರಲಿ. ಅವಳು ನಿಮಗೆ ಎದುರು ಮಾತಾಡಿದರೂ ಕನ್ನಡದಲ್ಲೇ ಆಡಲಿ.

ಇಂತಿ,
ಕುಮುದಾ