ಎಣ್ಣೆಯ ಕೆಳಗಿನ ಎರಡು ಅಕ್ಷರ

ಸೆಪ್ಟೆಂಬರ್ 19, 1927. ಸೋಮವಾರ

ಬೆಳಿಗ್ಗೆಯಿಂದ ಕಾರ್ಖಾನೆಯ ಟೆಸ್ಟ್ ಬೆಡ್ಡಿನಲ್ಲಿ ಕಾರಿನ ಎಂಜಿನ್ ಓಡುತ್ತಲೇ ಇದೆ. ಊರಿನ ಒಲೆಗಳಿಗೆ ಬರುವ ಕಲ್ಲಿದ್ದಲ ಗ್ಯಾಸಿನಿಂದ. ಪೆಟ್ರೋಲು ಏನಿದ್ದರೂ ಕಾರು ಕೊಳ್ಳುವ ಲಾರ್ಡ್‌ಗಳಿಗೆ. ಕಬ್ಬಿಣದ ಸರಳಿನ ಒಂದು ತುದಿ ಎಂಜಿನ್ನಿನ ಮೈಗೆ, ಇನ್ನೊಂದು ನನ್ನ ಕಿವಿಗೆ. ಇದೇ ನನ್ನ ಉದ್ಯೋಗ. ರಾತ್ರಿ ದಿಂಬಿಗೆ ತಲೆಯಿಟ್ಟರೂ ಅದೇ ಗುಂಯ್.

ಇಲ್ಲಿ ಒಂದು ಎಂಜಿನ್ ಒಬ್ಬನೇ ಫಿಟ್ಟರ್‌ನದು. ಶಾಫ್ಟ್ ತಿರುಗುವ ಬೇರಿಂಗನ್ನು ಕೈಯಿಂದಲೇ ಹೆರೆದು ಕೂರಿಸುವುದರಿಂದ ಹಿಡಿದು ಕೊನೆಯ ನಟ್‌ವರೆಗೆ. ಮುಗಿದ ಮೇಲೆ ತಳದಲ್ಲಿ ತನ್ನ ಹೆಸರಿನ ಎರಡು ಅಕ್ಷರ ತನ್ನದೇ ಅಚ್ಚಿನ ಉಳಿಯಿಂದ ಒತ್ತುತ್ತಾನೆ. ಆಮೇಲೆ ಎಣ್ಣೆಯ ತೊಟ್ಟಿ ಅದನ್ನು ಮುಚ್ಚಿಬಿಡುತ್ತದೆ. ಯಾರೂ ನೋಡುವುದಿಲ್ಲ. ಕಾರು ಧಣಿಗೆ, ಅಕ್ಷರ ನಮಗೆ. ಮಕ್ಕಳ ಬಾಯಿಗೆ ಮಿಠಾಯಿ ತುರುಕಿದ ಹಾಗೆ. ಟೀ ಹೊತ್ತಿನಲ್ಲಿ ಈ ಮಾತು ಹೇಳಿದೆ. ಮುದುಕ ಈನಾಕ್ ಬೆಸ್ಟ್‌ವಿಕ್ ರೊಟ್ಟಿಗೆ ಹಂದಿಕೊಬ್ಬು ಸವರುತ್ತಾ ಕೂತಿದ್ದ.

"ಮಿಠಾಯಿ ಅಂತೀಯಲ್ಲ ತಮ್ಮಾ, ನೀನು ಯಾವತ್ತಾದ್ರೂ ತಿಂದಿದೀಯಾ?"

ಎಲ್ಲರೂ ನಕ್ಕರು. ನಾನು ಟೆಸ್ಟರ್. ನನ್ನ ಅಕ್ಷರ ಎಲ್ಲೂ ಇಲ್ಲ.

ಸೆಪ್ಟೆಂಬರ್ 21

ಈನಾಕ್‌ನ ಎಂಜಿನ್ ವಾಪಸ್. ಎರಡನೆಯದು. ಹಿಂದಿನ ಬೇರಿಂಗ್ ಬಡಿಯುತ್ತಿತ್ತು. ಪಾಸಿಲ್ಲ ಅಂತ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದವನು ನಾನೇ.

ಕಾರಣ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಶಾಫ್ಟಿಗೆ ನೀಲಿ ಬಳಿದು ತಿರುಗಿಸಿದರೆ ಬೇರಿಂಗಿನಲ್ಲಿ ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತದೆ. ಅಷ್ಟನ್ನೇ ಹೆರೆಯಬೇಕು. ಈನಾಕ್‌ಗೆ ನೀಲಿ ಕಾಣುತ್ತಿಲ್ಲ. ಕಣ್ಣಿಗೆ ಪೊರೆ ಬಂದಿದೆ. ಬೆರಳಿನಿಂದ ಸವರಿ ನೋಡುತ್ತಾನೆ.

ಫೋರ್‌ಮನ್ ಪ್ಲಾಟ್ಸ್ ಎಲ್ಲರ ಮುಂದೆಯೇ ಹೇಳಿದ: "ಇನ್ನೊಂದು ಸಲ ವಾಪಸ್ ಬಂದ್ರೆ ಕೋಟು ಹಾಕ್ಕೊಂಡು ಮನೆಗೆ ಹೋಗ್ಬಹುದು, ಬೆಸ್ಟ್‌ವಿಕ್."

ಮೂವತ್ತು ವರ್ಷದ ಕೆಲಸ. ಹೆಂಡತಿ ಏಡಾಗೆ ಎದೆಗೂಡಿನ ಕಾಯಿಲೆ. ಕಾರ್ಖಾನೆಯ ಮನೆ. ಕೆಲಸ ಹೋದರೆ ಮನೆಯೂ ಹೋಯಿತು.

ಸೆಪ್ಟೆಂಬರ್ 22

ಬೆಂಚಿನಿಂದ ಬೆಂಚಿಗೆ ಹೋದೆ. ಅವನನ್ನು ತೆಗೆದರೆ ಎಲ್ಲರೂ ಕೈ ಕಟ್ಟಿ ನಿಲ್ಲೋಣ ಅಂದೆ.

"ಹೋದ ವರ್ಷ ಮುಷ್ಕರದಲ್ಲಿ ನಿಂತ್ವಲ್ಲ," ಅಂದ ಫಿಟ್ಟರ್ ಹೆರಾಲ್ಡ್, ತಲೆಯೆತ್ತದೆ. "ಇಡೀ ದೇಶ ನಿಂತಿತ್ತು. ಒಂಬತ್ತು ದಿನ. ಆಮೇಲೆ ಟೋಪಿ ಕೈಯಲ್ಲಿ ಹಿಡ್ಕೊಂಡು ಬಂದ್ವಿ. ನನ್ನ ಹೆಂಡ್ತಿ ಇವತ್ತಿಗೂ ಕೇಳ್ತಾಳೆ, ಏನ್ ತಂದ್ರಿ ಅಂತ."

ಸುಸ್ತು. ಅವರಿಗೂ, ನನಗೂ. ನಮ್ಮ ಪಾರ್ಟಿಯ ಕರಪತ್ರ ಬರೆಯುವವರು ಸುಸ್ತಿನ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ.

ಸೆಪ್ಟೆಂಬರ್ 30

ಲಂಡನ್ ಕಾರು ಪ್ರದರ್ಶನದ ಅವಸರ. ಸಾಮಾನ್ಯವಾಗಿ ಟೆಸ್ಟ್ ಆದ ಮೇಲೆ ಎಂಜಿನ್ ಪೂರ್ತಿ ಬಿಚ್ಚಿ, ಮೇಜಿನ ಮೇಲೆ ಹರವಿ ನೋಡುತ್ತಾರೆ. ಈ ತಿಂಗಳು ಅದಿಲ್ಲ. "ಕಾಮ್ರೇಡ್ ಕಿವಿಯೇ ಕೊನೆ ಮಾತು," ಅಂದ ಪ್ಲಾಟ್ಸ್, ನನ್ನನ್ನು ನೋಡಿ, ವ್ಯಂಗ್ಯವಾಗಿ.

ನಾಳೆ ಈನಾಕ್‌ನ ಮೂರನೆಯದು ಬರುತ್ತದೆ. ನಾನು ತೀರ್ಮಾನ ಮಾಡಿಯಾಗಿದೆ. ಬಡಿದರೂ ಕೇಳಿಸುವುದಿಲ್ಲ. ಯಾವನೋ ಲಾರ್ಡ್‌ನ ಕಾರು ದಾರಿಯಲ್ಲಿ ನಿಂತರೆ ನಿಲ್ಲಲಿ.

ಅಕ್ಟೋಬರ್ 1. ಶನಿವಾರ

ಬಡಿಯಿತು. ಹಿಂದಿನ ಬೇರಿಂಗೇ. ಮೆತ್ತಗೆ, ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ.

ಸರಳನ್ನು ಕೆಳಗಿಟ್ಟು ಪ್ಲಾಟ್ಸ್‌ಗೆ ತಲೆಯಾಡಿಸಿದೆ. ಸರಿಯಿದೆ.

ಇನ್ನು ಫಿಟ್ಟರ್‌ನ ಸರದಿ. ಪಾಸಾದ ಎಂಜಿನ್ನನ್ನು ಬೆಡ್ಡಿನಿಂದ ಇಳಿಸುವ ಮುಂಚೆ ಕಟ್ಟಿದವನು ಬಂದು ಒಮ್ಮೆ ಕೇಳುತ್ತಾನೆ. ಅವನು ಸರಳು ಕೆಳಗಿಟ್ಟರೆ ಒಪ್ಪಿದ ಹಾಗೆ; ಅಲ್ಲಿಯವರೆಗೆ ಯಾರೂ ಮಾತಾಡಬಾರದು. ಬರೀ ಶಾಸ್ತ್ರ ಅಂದುಕೊಂಡಿದ್ದೆ, ಮದುವೆಯಲ್ಲಿ ಪಾದ್ರಿ ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳುವ ಹಾಗೆ.

ಈನಾಕ್ ಟೋಪಿ ತೆಗೆದ. ಮುಂದಿನಿಂದ ಹಿಂದಕ್ಕೆ ಸರಳು ಇಡುತ್ತಾ ಬಂದ. ಕೊನೆಯ ಬೇರಿಂಗಿನ ಹತ್ತಿರ ನಿಂತ. ಬಹಳ ಹೊತ್ತು ನಿಂತ. ಆಮೇಲೆ ನನ್ನ ಕಡೆ ಬಂದು ಕಿವಿಯ ಹತ್ತಿರ ಬಾಗಿದ.

"ನಿನ್ ಕಿವಿಗೇನಾಗಿದೆ ತಮ್ಮಾ?"

"ಏನೂ ಆಗಿಲ್ಲ ಯಜಮಾನ್ರೇ. ಸುಮ್ನೆ ಸರಳು ಇಟ್ಬಿಡಿ. ಬೇಡ್ಕೋತೀನಿ."

"ಹಾಗಾದ್ರೆ ಕೇಳಿಸಿದೆ ನಿಂಗೆ."

"ನೀವು ಬೀದಿಗೆ ಬೀಳೋದು ಬೇಡ ಅಂತ ತೀರ್ಮಾನ ಮಾಡಿದೀನಿ."

"ನನ್ನ ಕೇಳಿದ್ಯಾ?"

ನನ್ನ ಜೇಬಿಗೆ ಅವನೇ ಕೈ ಹಾಕಿ ಸೀಮೆಸುಣ್ಣ ತೆಗೆದುಕೊಂಡ. ತನ್ನ ಎಂಜಿನ್ನಿನ ಮೇಲೆ ತಾನೇ ಅಡ್ಡಗೆರೆ ಎಳೆದ. ಗೆರೆ ಸೊಟ್ಟಗಿತ್ತು. ಅವನಿಗೆ ಅದೂ ಸರಿಯಾಗಿ ಕಾಣಲಿಲ್ಲವೇನೋ.

ಈನಾಕ್ ಕೋಟು ಹಾಕಿಕೊಂಡು ಹೋದ.

ಅಕ್ಟೋಬರ್ 2

ಕೋಪ ಬರುತ್ತಿದೆ. ಅವನ ಮೇಲೆ. ಧಣಿಯ ಕೆಲಸಕ್ಕೆ ತನ್ನ ಕತ್ತು ತಾನೇ ಕೊಡುವುದೇ?

ಅವರ ಮನೆಗೆ ಹೋದೆ. ಬೈಯಬೇಕೆಂದೇ. ಏಡಾ ಬಾಗಿಲು ತೆಗೆದಳು, ಕೆಮ್ಮುತ್ತಾ. "ಮಲಗಿದಾರಪ್ಪಾ. ಬಹಳ ದಿನದ ಮೇಲೆ ನಿದ್ದೆ ಬಂದಿದೆ." ಒಳಗೆ ಗೊರಕೆ ಕೇಳಿಸಿತು. ವಾಪಸ್ ಬಂದೆ.

ಅಕ್ಟೋಬರ್ 6. ಊಟದ ಬಿಡುವು

ಬೆಂಚಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಹೆರಾಲ್ಡ್ ಈನಾಕ್‌ನ ಬೇರಿಂಗ್ ಹೆರೆದು ಸರಿಮಾಡಿದ. ಬೆಳಿಗ್ಗೆ ಓಡಿಸಿದೆ. ರೇಷ್ಮೆ ಎಳೆದ ಹಾಗೆ. ಟೆಸ್ಟಿನ ತೊಟ್ಟಿ ಬಿಚ್ಚಿಯಾಗಿದೆ, ಅದರದೇ ಎಣ್ಣೆಯ ತೊಟ್ಟಿ ಹಾಕುವುದೊಂದು ಬಾಕಿ.

ಪ್ಲಾಟ್ಸ್ ಲೋಹ ಉಜ್ಜುವ ಅರ ತಂದು ನನ್ನ ಕೈಗಿಟ್ಟ. ಈನಾಕ್‌ನ ಅಕ್ಷರ ಉಜ್ಜಿ ಹೆರಾಲ್ಡ್‌ನದು ಒತ್ತಬೇಕು. ಹೊರಗೆ ಹೋದವನ ಗುರುತು ಒಳಗಿರಬಾರದಂತೆ. ಹೆರಾಲ್ಡ್‌ಗೆ ಹೇಳಿದೆ. ಅವನು ಉಳಿ ತೆಗೆದುಕೊಡಲಿಲ್ಲ.

"ಒಂದ್ ಬೇರಿಂಗ್ ಮಾತ್ರ ನಂದು. ಉಳಿದಿದ್ದು ಮುದುಕಂದು. ನನ್ನ ಅಕ್ಷರ ಅಲ್ಲಿ ಹಾಕಿದ್ರೆ ನಿನ್ ಕೈ ಮುರೀತೀನಿ."

ಅವನ ಹಿಂದಿನ ಬೆಂಚಿನವರೂ ಉಳಿಗಳನ್ನು ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಯಾರೂ ಭಾಷಣ ಮಾಡಲಿಲ್ಲ. ರೊಟ್ಟಿ ತಿನ್ನುತ್ತಿದ್ದಾರೆ.

ಎಂಜಿನ್ ತಲೆಕೆಳಗಾಗಿ ನನ್ನೆದುರಿಗಿದೆ. ಎರಡಕ್ಷರ. ಅವು ಸೊಟ್ಟಗಿಲ್ಲ. ಬೆರಳಿನಲ್ಲಿ ಸವರಿದೆ.

ಕಾರ್ಖಾನೆಯ ಸೀಟಿ ಕೂಗಿತು. ಪ್ಲಾಟ್ಸ್ ಬರುತ್ತಿದ್ದಾನೆ, "ಆಯ್ತಾ ಕಾಮ್ರೇಡ್?" ಅನ್ನುತ್ತಾ. ಅರ ಇನ್ನೂ ಬೆಂಚಿನ ಮೇಲೇ ಇದೆ. ಎದ್ದು ನಿಂತು ಅವನಿಗೆ ಅದನ್ನೇ ವಾಪಸ್ ಕೊಡುತ್ತೇನೆ.